ಹನ್ನೊಂದು ದಿನದ ಬ್ರಿಟನ್ ಬಸ್ ಟೂರು: ಒಬ್ಬ ಹಳೆ ಟೈಮ್ ಕೀಪರನ ಲೆಕ್ಕ

ನಾನು ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂಬತ್ತು ವರ್ಷ ಕಂಡಕ್ಟರ್ ಆಗಿದ್ದವನು. ಆಮೇಲೆ ಇಪ್ಪತ್ತೈದು ವರ್ಷ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಕೈಯಲ್ಲಿ ಪುಸ್ತಕ, ಕಣ್ಣು ಗಡಿಯಾರದ ಮೇಲೆ. ನಮ್ಮ ಕಡೆ ಒಂದು ಬಸ್ ಎರಡು ನಿಮಿಷ ಜಾಸ್ತಿ ನಿಂತರೆ ಹಿಂದಿನ ಬಸ್ಸಿನವರು ಜಗಳಕ್ಕೆ ಬರುತ್ತಾರೆ, ಗೊತ್ತಲ್ವಾ. ಕೆಲಸ ಬಿಟ್ಟರೂ ಬರೆಯುವ ಅಭ್ಯಾಸ ಬಿಡಲಿಲ್ಲ. 2024ರ ಜೂನ್‌ನಲ್ಲಿ ನಾನು ಮತ್ತು ನನ್ನ ಹೆಂಡತಿ ಬ್ರಿಟನ್ ಟೂರಿಗೆ ಹೋದಾಗಲೂ ಕಿಸೆಯಲ್ಲಿ ಸಣ್ಣ ಪುಸ್ತಕ ಇತ್ತು. ಬಸ್ ಎಷ್ಟಕ್ಕೆ ಹೊರಟಿತು, ಎಲ್ಲಿ ನಿಂತಿತು, ಇಳಿದ ಮೇಲೆ ನಮಗೆ ಎಷ್ಟು ಹೊತ್ತು ಸಿಕ್ಕಿತು, ಎಲ್ಲ ಬರೆದಿದ್ದೇನೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಏಜೆನ್ಸಿಯ ಹೆಸರು ಹಾಕುವುದಿಲ್ಲ. ಮಂಗಳೂರಿನವರು, ಮರ್ಯಾದೆಯ ಜನ. ದೂರು ಇದ್ದದ್ದನ್ನು ಅವರ ಆಫೀಸಿಗೇ ಹೋಗಿ ಹೇಳಿದ್ದೇನೆ. ಹನ್ನೊಂದು ದಿನ, ಹತ್ತು ರಾತ್ರಿ. ಲಂಡನ್ ಮೂರು ರಾತ್ರಿ, ಬಾತ್ ಒಂದು, ಯಾರ್ಕ್ ಒಂದು, ವಿಂಡರ್‌ಮಿಯರ್ ಎರಡು, ಫೋರ್ಟ್ ವಿಲಿಯಂ ಒಂದು, ಎಡಿನ್‌ಬರೊ ಎರಡು. ಒಬ್ಬರಿಗೆ 3,40,000 ರೂಪಾಯಿ. ವಿಮಾನ, ವೀಸಾ, ಹೋಟೆಲು, ಬೆಳಗಿನ ತಿಂಡಿ, ರಾತ್ರಿ ಊಟ ಅದರಲ್ಲೇ. ಮಧ್ಯಾಹ್ನದ ಊಟ, ಡ್ರೈವರಿಗೆ ಕೊಡುವ ಟಿಪ್ಸ್ ಬೇರೆ. ನಾವು 34 ಜನ ಇದ್ದೆವು. ಪುತ್ತೂರಿನ ಅಡಿಕೆ ವ್ಯಾಪಾರದವರು, ಮಣಿಪಾಲದ ಒಬ್ಬರು ನಿವೃತ್ತ ಡಾಕ್ಟ್ರು, ಸುರತ್ಕಲಿನ ಮೇಷ್ಟ್ರು ದಂಪತಿ, ಹೀಗೆ.

ದುಡ್ಡು ಹೆಚ್ಚಿನದ್ದು ಮಗಳದ್ದು. ಅವಳು ಲೀಡ್ಸ್‌ನಲ್ಲಿ ನರ್ಸ್. "ಅಪ್ಪಾ, ನೇರ ನಮ್ಮ ಮನೆಗೆ ಬಂದರೆ ನೀವು ಟಿವಿ ಮುಂದೆ ಕೂರ್ತೀರಿ. ಮೊದಲು ದೇಶ ನೋಡಿ, ಆಮೇಲೆ ಮನೆ" ಅಂದಳು. ಟೂರ್ ಮುಗಿದ ಮೇಲೆ ಮೂರು ವಾರ ಅವಳ ಮನೆಯಲ್ಲಿ ಇರುವುದು ಅಂತ ಆಯಿತು. ಏಜೆನ್ಸಿಯವರು ವಾಪಸ್ ಟಿಕೆಟಿನ ತಾರೀಕು ತಕರಾರಿಲ್ಲದೆ ಬದಲಿಸಿ ಕೊಟ್ಟರು. ಇದು ಕೇಳಿದರೆ ಮಾತ್ರ ಸಿಗುವ ಅನುಕೂಲ. ಮಕ್ಕಳು ಅಲ್ಲಿ ಇರುವವರು ಮೊದಲೇ ಕೇಳಿ.

ವೀಸಾದ ಬಗ್ಗೆ ಎರಡು ಮಾತು. ಯುರೋಪಿನ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಬೇರೆಯೇ ಬೇಕು. ನಾವು ಹಾಕಿದಾಗ ಆರು ತಿಂಗಳದ್ದಕ್ಕೆ 115 ಪೌಂಡ್ ಇತ್ತು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬಂದೆವು. ರಾತ್ರಿ ಬಸ್ಸಿಗೆ ಹೋಗಿ, ಬೆಳಿಗ್ಗೆ ಕೆಲಸ ಮುಗಿಸಿ, ಮತ್ತೆ ರಾತ್ರಿ ಬಸ್ಸಿಗೆ ವಾಪಸ್. ಕಾಗದಪತ್ರದ ಕೆಲಸ ಏಜೆನ್ಸಿಯ ಹುಡುಗಿ ಬಹಳ ಚೆಂದ ಮಾಡಿಕೊಟ್ಟಳು. ಒಂದು ಹಾಳೆಯೂ ವಾಪಸ್ ಬರಲಿಲ್ಲ.

ಲಂಡನ್ ನನಗೆ ಬಸ್ಸಿನಿಂದಲೇ ಶುರುವಾಯಿತು. ಕೆಂಪು ಡಬಲ್ ಡೆಕ್ಕರ್ ಹತ್ತಿದೆ, ಕಂಡಕ್ಟರ್ ಇಲ್ಲ. ಹಿಂದುಗಡೆ ಬಾಗಿಲಿಲ್ಲದ, ಕಂಡಕ್ಟರ್ ನಿಲ್ಲುವ ಹಳೆ ರೂಟ್‌ಮಾಸ್ಟರ್ ಬಸ್ಸುಗಳು ದಿನದ ಓಡಾಟದಿಂದ ಹೋದದ್ದು 2005ರ ಡಿಸೆಂಬರಿನಲ್ಲಂತೆ. 2014ರ ಜುಲೈಯಿಂದ ಬಸ್ಸಿನಲ್ಲಿ ರೊಕ್ಕವನ್ನೂ ತೆಗೆದುಕೊಳ್ಳುವುದಿಲ್ಲ. ಕಾರ್ಡ್ ತಾಗಿಸಬೇಕು, ಅಷ್ಟೇ. ಒಂದು ಗಂಟೆಯೊಳಗೆ ಬಸ್ ಬದಲಿಸಿ ಹತ್ತಿದರೆ ಇನ್ನೊಂದು ಸಲ ದುಡ್ಡಿಲ್ಲ. ಒಳ್ಳೆಯ ವ್ಯವಸ್ಥೆ. ಆದರೂ ಮೇಲಿನ ಸೀಟಿನಲ್ಲಿ ಕೂತಾಗ ಏನೋ ಒಂದು ಖಾಲಿ ಅನ್ನಿಸಿತು. ಬಾಗಿಲಲ್ಲಿ ನೇತಾಡಿ ಊರ ಹೆಸರು ಕೂಗಿದವನಿಗೆ ಹಾಗೆ ಅನ್ನಿಸದೆ ಇರುತ್ತದಾ?

ಎರಡನೇ ದಿನ ಮಧ್ಯಾಹ್ನ ಬಿಡುವು ಕೊಟ್ಟಿದ್ದರು. ಹೆಚ್ಚಿನವರು ಆಕ್ಸ್‌ಫರ್ಡ್ ಸ್ಟ್ರೀಟಿಗೆ ಸಾಮಾನು ಕೊಳ್ಳಲು ಹೋದರು. ನಾವಿಬ್ಬರು ಸುರಂಗ ರೈಲಿನಲ್ಲಿ ಸೌತ್ ಕೆನ್ಸಿಂಗ್‌ಟನ್‌ಗೆ ಹೋದೆವು. ಅಲ್ಲಿ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶಕ್ಕೆ ದುಡ್ಡಿಲ್ಲ. ನನಗೆ ಬೇಕಾಗಿದ್ದದ್ದು ಟಿಪ್ಪುವಿನ ಮರದ ಹುಲಿ. ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದು. ಒಬ್ಬ ಬಿಳಿಯನನ್ನು ಕೆಳಗೆ ಕೆಡವಿ ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಆರ್ಗನ್ ಇದೆ. ಪಕ್ಕದಲ್ಲೊಂದು ಹಿಡಿ. ಅದನ್ನು ತಿರುಗಿಸಿದರೆ ಆ ಬಿಳಿಯನ ಕೈ ಮೇಲೆ ಕೆಳಗೆ ಆಡುತ್ತದೆ, ನರಳುವ ಸದ್ದು ಬರುತ್ತದೆ. ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ಮುಟ್ಟುವ ಹಾಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತುಕೊಂಡು ಹೋದದ್ದು. ಮಂಗಳೂರಿನ ಬೋಳೂರಿನಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು, ನಮ್ಮ ಸುಲ್ತಾನ್ ಬತ್ತೇರಿಯ ಮುಂದೆ ಎಷ್ಟು ಸಲ ಹೋಗಿದ್ದೇನೆ. ಈಸ್ಟ್ ಇಂಡಿಯಾ ಕಂಪನಿಯವರು ಟಿಪ್ಪುವಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು ಮಂಗಳೂರಿನಲ್ಲೇ, 1784ರಲ್ಲಿ. ಹದಿನೈದು ವರ್ಷಕ್ಕೆ ಎಲ್ಲ ತಿರುಗಿಬಿತ್ತು. ನನ್ನ ಹೆಂಡತಿ ಹುಲಿಯನ್ನು ತುಂಬಾ ಹೊತ್ತು ನೋಡಿದಳು. "ಇದರ ಪಟ್ಟೆ ನಮ್ಮ ಅಷ್ಟಮಿಯ ಹುಲಿವೇಷದ ಹಾಗೇ ಉಂಟಲ್ಲ" ಅಂದಳು. ಹೌದು. ಕಾಡಿನ ಹುಲಿಯ ಪಟ್ಟೆ ಅಲ್ಲ ಅದು, ಬಣ್ಣದವನು ಬರೆದ ಪಟ್ಟೆ. ಟೂರಿನ ಕಾರ್ಯಕ್ರಮದಲ್ಲಿ ಇದರ ಹೆಸರೂ ಇರಲಿಲ್ಲ. ಮಂಗಳೂರಿನಿಂದ ಹೊರಡುವ ಟೂರಿನಲ್ಲಿ ಇದು ಇರಲೇಬೇಕು ಅಂತ ನನ್ನ ಅಭಿಪ್ರಾಯ.

ಮೂರನೇ ದಿನ ಗ್ರೀನಿಚ್. ನನ್ನ ಮಟ್ಟಿಗೆ ಇದು ದೊಡ್ಡ ದಿನ. ಜೀವನವಿಡೀ ಗಡಿಯಾರ ನೋಡಿ ಅನ್ನ ತಿಂದವನು. ಗಡಿಯಾರಗಳೆಲ್ಲ ಲೆಕ್ಕ ಶುರುಮಾಡುವ ಜಾಗಕ್ಕೇ ಹೋಗಿ ನಿಲ್ಲುವುದು ಅಂದರೆ ನನಗೆ ಸಣ್ಣ ವಿಷಯ ಅಲ್ಲ. ಗುಡ್ಡದ ಮೇಲೆ 1675ರ ವೀಕ್ಷಣಾಲಯ. ಅಂಗಳದಲ್ಲಿ ಲೋಹದ ಗೆರೆ, ಸೊನ್ನೆ ಡಿಗ್ರಿ. ನಮ್ಮ ಸಮಯ ಅಲ್ಲಿಗಿಂತ ಐದೂವರೆ ಗಂಟೆ ಮುಂದೆ ಅಂತ ಶಾಲೆಯಲ್ಲಿ ಕಲಿತದ್ದು. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಹಾಗಾಗಿ ಜೂನ್‌ನಲ್ಲಿ ನಾಲ್ಕೂವರೆ ಗಂಟೆಯ ವ್ಯತ್ಯಾಸ. ಕಟ್ಟಡದ ನೆತ್ತಿಯಲ್ಲಿ ಒಂದು ಕೆಂಪು ಚೆಂಡು ಇದೆ. ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ಅದು ಕೋಲಿನ ಮೇಲಿಂದ ಕೆಳಗೆ ಬೀಳಬೇಕು. ಥೇಮ್ಸ್ ನದಿಯ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಲಿ ಅಂತ 1833ರಲ್ಲಿ ಶುರುಮಾಡಿದ ಕ್ರಮ.

ನಮ್ಮ ಬಸ್ 12:40ಕ್ಕೆ ಹೊರಟಿತು. ಚೆಂಡು ಬೀಳಲು ಇನ್ನೂ ಇಪ್ಪತ್ತು ನಿಮಿಷ. ನಾನು ಟೂರ್ ಮ್ಯಾನೇಜರನ ಹತ್ತಿರ ಕೇಳಿದೆ. "ಅಂಕಲ್, ಊಟಕ್ಕೆ ಟೇಬಲ್ ಬುಕ್ ಆಗಿದೆ" ಅಂದ. ಊಟಕ್ಕೆ ಹೋಗಿ ಕೂತದ್ದು 1:50ಕ್ಕೆ. ಪುಸ್ತಕದಲ್ಲಿ ಉಂಟು.

ಸ್ಟೋನ್‌ಹೆಂಜ್, ಬಾತ್ ಎರಡೂ ನಾಲ್ಕನೇ ದಿನ. ಸ್ಟೋನ್‌ಹೆಂಜ್‌ಗೆ ಒಂದೂವರೆ ಗಂಟೆ ಕೊಟ್ಟರು, ಅದು ಸಾಕು. ಹಳೆಗಾಲದವರು ವೃತ್ತವಾಗಿ ನಿಲ್ಲಿಸಿದ ದೊಡ್ಡ ಕಲ್ಲುಗಳನ್ನು ಹಗ್ಗದ ಹೊರಗಿನಿಂದ ನೋಡಬೇಕು. ನಡುವೆ ಮಲಗಿರುವ ಒಂದು ಕಲ್ಲು, ಸುಮಾರು ಆರು ಟನ್ ತೂಕದ್ದು, ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯಿಂದ ಬಂದದ್ದು ಅಂತ ನಾವು ಊರಿಗೆ ಬಂದ ಮೇಲೆ ಆಗಸ್ಟಿನಲ್ಲಿ ವಿಜ್ಞಾನಿಗಳು ಹೇಳಿದರು. ಪತ್ರಿಕೆಯಲ್ಲಿ ಓದಿ ಮೈ ಜುಮ್ಮೆಂದಿತು. ನಾವು ಬಸ್ಸಿನಲ್ಲಿ ದಿನಗಟ್ಟಲೆ ಹೋದ ದೂರ ಅದು. ಬಾತ್‌ನಲ್ಲಿ ರೋಮನ್ನರು ಕಟ್ಟಿದ ಸ್ನಾನದ ಕೊಳ. ನೆಲದಿಂದ 46 ಡಿಗ್ರಿ ಬಿಸಿಯ ನೀರು ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಜಾಸ್ತಿ ಉಕ್ಕುತ್ತದೆ. ನಮ್ಮ ಪುತ್ತೂರಿನವರಿಗೆ ತಮ್ಮ ಇರ್ದೆಯ ಬಿಸಿನೀರಿನ ಬೆಂದ್ರ್ ತೀರ್ಥ ನೆನಪಾಯಿತು. ಊರು ಇಡೀ ಜೇನಿನ ಬಣ್ಣದ ಕಲ್ಲು. ಸಂಜೆ ಎಂಟೂವರೆಗೂ ಬಿಸಿಲು. ಊಟ ಆದ ಮೇಲೆ ರಾಯಲ್ ಕ್ರೆಸೆಂಟ್ ಎಂಬ ಬಿಲ್ಲಿನಾಕಾರದ ಮನೆಸಾಲಿನ ಎದುರಿನ ಹುಲ್ಲಿನಲ್ಲಿ ಕೂತೆವು. ಮೂವತ್ತು ಮನೆ, ಒಂದೇ ಗೋಡೆಯ ಹಾಗೆ.

ಈಗ ಐದನೇ ದಿನ. ಇದನ್ನು ಹೇಳಲೇಬೇಕು.

ಬಾತ್‌ನಿಂದ ಹೊರಟದ್ದು ಬೆಳಿಗ್ಗೆ 7:45. ಕಾಟ್ಸ್‌ವೋಲ್ಡ್ಸ್ ಎಂಬ ಹಳ್ಳಿಗಾಡಿನ ಬೋರ್ಟನ್ ಆನ್ ದ ವಾಟರ್‌ಗೆ ಮುಟ್ಟಿದ್ದು 9:35. ಅಲ್ಲಿ ವಿಂಡ್ರಷ್ ಎಂಬ ಹೊಳೆ ಊರ ನಡುವೆಯೇ ಹರಿಯುತ್ತದೆ. ಮೊಣಕಾಲಿನಷ್ಟು ನೀರು, ಮೇಲೆ ತಗ್ಗಿನ ಕಲ್ಲು ಸೇತುವೆಗಳು. ಆ ಸೀಮೆಗೆ ಹಿಂದೆ ದುಡ್ಡು ಬಂದದ್ದು ಕುರಿಯ ಉಣ್ಣೆಯಿಂದ. ಅದರಿಂದಲೇ ಸಣ್ಣ ಊರಿನಲ್ಲೂ ದೊಡ್ಡ ದೊಡ್ಡ ಇಗರ್ಜಿಗಳು. ನೋಡುತ್ತಾ ನಡೆಯಬೇಕು, ಒಂದು ಚಾ ಕುಡಿಯಬೇಕು ಅನ್ನುವಾಗ 10:30ಕ್ಕೆ ಬಸ್ಸಿಗೆ ಕರೆದರು. ಐವತ್ತೈದು ನಿಮಿಷ. ನಂತರ ಆಕ್ಸ್‌ಫರ್ಡ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ. ಮುಂದೆ ಮೋಟಾರ್‌ವೇ. ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ 45 ನಿಮಿಷ. ಯಾರ್ಕ್ ಮುಟ್ಟಿದ್ದು ಸಂಜೆ 7:20. ಆ ದಿನ ಭಾನುವಾರ. ಅಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಹೊತ್ತು ಮಾತ್ರ ತೆರೆಯಬಹುದು ಅಂತ ಕಾನೂನು ಇದೆ. ಎಲ್ಲ ಬಾಗಿಲು ಹಾಕಿತ್ತು. ಯಾರ್ಕ್ ಮಿನ್‌ಸ್ಟರ್ ಎಂಬ ಆ ಮಹಾ ಇಗರ್ಜಿಯೂ ಮುಚ್ಚಿತ್ತು. ಮರುದಿನ ಬೆಳಿಗ್ಗೆ 10ಕ್ಕೆ ಹೊರಡುವುದು. ಎರಡು ಸಾವಿರ ವರ್ಷದ ಊರು, ನಮಗೆ ಸಿಕ್ಕಿದ್ದು ಬೆಳಗಿನ ಒಂದೂಕಾಲು ಗಂಟೆ.

ತಪ್ಪು ಡ್ರೈವರಿನದ್ದಲ್ಲ. ಅವರ ಬಗ್ಗೆ ಹೇಳಲೇಬೇಕು. ಯಾರ್ಕ್‌ಶೈರ್ ಕಡೆಯವರು, ಐವತ್ತೈದರ ಹತ್ತಿರ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು ಅಂತ ಅಲ್ಲಿ ನಿಯಮ. ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು. ಎಲ್ಲ ಒಂದು ಯಂತ್ರದಲ್ಲಿ ದಾಖಲಾಗುತ್ತದೆ, ಯಾರೂ ತಿದ್ದುವ ಹಾಗಿಲ್ಲ. ಬಸ್ಸಿನ ವೇಗಕ್ಕೂ ಗಂಟೆಗೆ 100 ಕಿಲೋಮೀಟರಿಗೆ ಬೀಗ ಹಾಕಿರುತ್ತಾರೆ. ಟೂರ್ ಮ್ಯಾನೇಜರ್ "ಇನ್ನು ಅರ್ಧ ಗಂಟೆ ಹೋಗೋಣ" ಅಂದಾಗ ಅವರು ತಲೆ ಅಲ್ಲಾಡಿಸಿ ಕೀ ತೆಗೆದು ಕಿಸೆಗೆ ಹಾಕಿದರು. ನನಗೆ ಎದ್ದು ನಿಂತು ಕೈಮುಗಿಯುವ ಅನ್ನಿಸಿತು. ನಮ್ಮ ಹೆದ್ದಾರಿಯಲ್ಲಿ ಎರಡು ಶಿಫ್ಟ್ ಒಟ್ಟಿಗೆ ಮಾಡಿ ಕಣ್ಣು ಕೆಂಪು ಮಾಡಿಕೊಂಡು ಬಂದ ಹುಡುಗರನ್ನು ನಾನು ಎಷ್ಟು ನೋಡಿದ್ದೇನೆ. ನನ್ನ ಹೆಂಡತಿಗೆ ಅವರು ದಿನಾ ಬಾಗಿಲಲ್ಲಿ "ಮಾರ್ನಿಂಗ್, ಲವ್" ಅನ್ನುತ್ತಿದ್ದರು. ಮೊದಲ ದಿನ ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. ಆ ಕಡೆಯವರು ಎಲ್ಲರನ್ನೂ ಹಾಗೇ ಕರೆಯುವುದು, ನಾವು ಗುರುತಿಲ್ಲದವರನ್ನೂ ಅಕ್ಕ ಅಂದ ಹಾಗೆ, ಅಂತ ಮಗಳು ಫೋನಿನಲ್ಲಿ ಹೇಳಿದಳು.

ಕಾರ್ಯಕ್ರಮದ ಹಾಳೆ ಓದುವುದಕ್ಕೂ ಕಲಿಯಬೇಕು. ನಾವು ಕಲಿತದ್ದು ಹೋದ ಮೇಲೆ. ಅದರಲ್ಲಿ 'ವಿಸಿಟ್' ಅಂತ ಇದ್ದರೆ ಒಳಗೆ ಹೋಗುವುದು, ಟಿಕೆಟ್ ಸೇರಿದೆ ಅಂತ. 'ಫೋಟೋ ಸ್ಟಾಪ್' ಅಂದರೆ ಇಳಿದು ಹತ್ತು ನಿಮಿಷ. 'ಓರಿಯೆಂಟೇಶನ್ ಟೂರ್' ಅಂದರೆ ಬಸ್ಸಿನ ಕಿಟಕಿಯಿಂದ ತೋರಿಸುತ್ತಾ ಹೋಗುವುದು. ಎಡಿನ್‌ಬರೊ ಕೋಟೆ ನಮಗೆ ಫೋಟೋ ಸ್ಟಾಪ್ ಆಗಿತ್ತು. ನಾವು ಒಳಗೆ ಹೋಗುತ್ತೇವೆ ಅಂತಲೇ ತಿಳಿದಿದ್ದೆವು. ಹೋಟೆಲು ಊರ ನಡುವೆ ಇದೆಯಾ ಅಂತಲೂ ಕೇಳಬೇಕು. ಲಂಡನ್ನಿನ ನಮ್ಮ ಹೋಟೆಲು ಚೊಕ್ಕವಾಗಿತ್ತು, ಆದರೆ ಪೇಟೆಗೆ ಮುಟ್ಟಲು ಬೆಳಿಗ್ಗೆ ಒಂದು ಗಂಟೆ ಹತ್ತು ನಿಮಿಷ. ಮೂರು ದಿನಕ್ಕೆ ಹೋಗಿಬರುವುದೇ ಏಳು ಗಂಟೆ ಆಯಿತು.

ಇಷ್ಟೆಲ್ಲ ದೂರು ಹೇಳಿದವನು ಈ ಟೂರನ್ನು ಯಾಕೆ ಹೊಗಳುತ್ತೇನೆ ಅಂದರೆ, ವಿಂಡರ್‌ಮಿಯರ್ ಕಾರಣ. ಎರಡು ರಾತ್ರಿ. ನಡುವೆ ಒಂದು ಇಡೀ ದಿನ, ಬಸ್ಸಿಲ್ಲ, ಕಾರ್ಯಕ್ರಮ ಇಲ್ಲ.

ಮಗಳು ರಜೆ ಹಾಕಿ ಹಿಂದಿನ ರಾತ್ರಿಯೇ ರೈಲಿನಲ್ಲಿ ಬಂದಿದ್ದಳು. ಬೆಳಿಗ್ಗೆ ಮಳೆ. ವಿಂಡರ್‌ಮಿಯರ್ ಇರುವ ಲೇಕ್ ಡಿಸ್ಟ್ರಿಕ್ಟ್ ಅಂದರೆ ಕೆರೆ, ಗುಡ್ಡ, ಮಳೆ. ಅಲ್ಲಿನ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಜನ ವಾಸವಿರುವ ಊರುಗಳಲ್ಲಿ ಅದಕ್ಕಿಂತ ಜಾಸ್ತಿ ಮಳೆ ಬೇರೆಲ್ಲೂ ಇಲ್ಲವಂತೆ. ನಮ್ಮ ಕರಾವಳಿಯ ಲೆಕ್ಕ ಅದು. ಲಂಡನ್ನಿನಲ್ಲಿ ಯಾವಾಗಲೂ ಮಳೆ ಅಂತ ಹೇಳುತ್ತಾರಲ್ಲ, ಅಲ್ಲಿ ಇಡೀ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಆದರೆ ಅಲ್ಲಿಯ ಮಳೆ ಬೇರೆ. ಧೋ ಅಂತ ಹೊಡೆಯುವುದಿಲ್ಲ. ಪಿರಿಪಿರಿ ಹನಿಯುತ್ತಲೇ ಇರುತ್ತದೆ, ನಿಂತಿತೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ. ಗುಂಪಿನ ಹಲವರು ಹೋಟೆಲಿನಲ್ಲೇ ಕೂತರು. ನಾವು ಮೂವರು ಕೊಡೆ ಹಿಡಿದು 599 ನಂಬರಿನ ಬಸ್ ಹತ್ತಿದೆವು. ಮೇಲ್ಭಾಗ ತೆರೆದ ಡಬಲ್ ಡೆಕ್ಕರ್. ನಾವು ಹೋದಾಗ ಇಂಗ್ಲೆಂಡಿನಲ್ಲಿ ಊರ ಬಸ್ಸುಗಳಿಗೆ ಒಂದು ಸಲಕ್ಕೆ 2 ಪೌಂಡ್ ಅಂತ ಮಿತಿ ಹಾಕಿದ್ದರು. ಇಳಿಯುವವರು ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿದರು. ಶಾಲೆಯ ಮಕ್ಕಳೂ.

ಇಳಿದದ್ದು ಗ್ರಾಸ್‌ಮಿಯರ್‌ನಲ್ಲಿ. ಕವಿ ವರ್ಡ್ಸ್‌ವರ್ತ್ 1799ರಲ್ಲಿ ಬಂದು ನೆಲೆಸಿದ ಊರು. ಟಿಪ್ಪುವಿನ ಹುಲಿ ಕಂಪನಿಯವರ ಕೈಗೆ ಸಿಕ್ಕಿದ ವರ್ಷವೇ ಇದು ಅಂತ ನನಗೆ ಅಲ್ಲೇ ಹೊಳೆಯಿತು. ಅವರ ಸಣ್ಣ ಬಿಳಿ ಮನೆ, ಡವ್ ಕಾಟೇಜ್, ಈಗಲೂ ಇದೆ. ಅಲ್ಲಿಂದ ಒಂದು ಹಳೆ ಕಾಲುದಾರಿ ಗುಡ್ಡದ ಮಗ್ಗುಲಲ್ಲಿ ರೈಡಲ್‌ಗೆ ಹೋಗುತ್ತದೆ. ಅವರು 1813ರಿಂದ ಸಾಯುವ ತನಕ ಇದ್ದ ಇನ್ನೊಂದು ಮನೆ ಆ ತುದಿಯಲ್ಲಿದೆ. ಹಿಂದೆ ರೈಡಲ್ ಕಡೆಯವರು ಹೆಣವನ್ನು ಗ್ರಾಸ್‌ಮಿಯರ್‌ನ ಇಗರ್ಜಿಗೆ ಹೊತ್ತು ತರುತ್ತಿದ್ದ ದಾರಿ ಅದು. ಹೊತ್ತವರು ಹೆಗಲು ಬದಲಿಸಲು ಪೆಟ್ಟಿಗೆ ಇಳಿಸುತ್ತಿದ್ದ ಚಪ್ಪಟೆ ಕಲ್ಲು ದಾರಿಯಲ್ಲಿ ಇನ್ನೂ ಇದೆ. ನನ್ನ ಹೆಂಡತಿ ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನಿಂತು ನೀರು ಕುಡಿದಳು.

ಆ ದಾರಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗೋಡೆಗಳು. ಗುಡ್ಡದ ನೆತ್ತಿಯವರೆಗೂ ಕಲ್ಲಿನ ಗೋಡೆ ಹೋಗುತ್ತದೆ. ಸಿಮೆಂಟ್ ಇಲ್ಲ, ಗಾರೆ ಇಲ್ಲ. ಎರಡು ಬದಿಗೆ ದೊಡ್ಡ ಕಲ್ಲು ಜೋಡಿಸಿ, ನಡುವೆ ಚೂರು ಕಲ್ಲು ತುಂಬಿ, ಅಲ್ಲಲ್ಲಿ ಈ ಬದಿಯಿಂದ ಆ ಬದಿಗೆ ಮುಟ್ಟುವ ಉದ್ದ ಕಲ್ಲು ಇಟ್ಟು ಕಟ್ಟುತ್ತಾರೆ. ನೂರಾರು ವರ್ಷ ನಿಂತಿವೆ. ನಮ್ಮ ಮುರಕಲ್ಲಿನ ಪಾಗಾರ ಕಟ್ಟುವವರು ಇದನ್ನು ನೋಡಬೇಕಿತ್ತು. ಗೋಡೆ ದಾಟಲು ಮೆಟ್ಟಿಲು ಬಿಟ್ಟಿರುತ್ತಾರೆ, ಥೇಟ್ ನಮ್ಮ ತಡಮೆ. ಮನುಷ್ಯ ದಾಟಬಹುದು, ಕುರಿ ದಾಟುವುದಿಲ್ಲ. ಕುರಿಗಳು ಹರ್ಡ್‌ವಿಕ್ ಎಂಬ ಜಾತಿ. ಮರಿ ಕಪ್ಪಗೆ ಹುಟ್ಟಿ, ದೊಡ್ಡದಾದ ಹಾಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಒಂದು ಕಡೆ ದಾರಿ ಯಾರದೋ ಹುಲ್ಲುಗಾವಲಿನೊಳಗೇ ಹೋಗುತ್ತಿತ್ತು. ನಾನು ನಿಂತೆ. "ಯಾರದ್ದೋ ಜಾಗ ಮಗಾ, ಬೈತಾರೆ" ಅಂದೆ. ಮಗಳು ಕಂಬದ ಮೇಲಿನ ಹಳದಿ ಬಾಣ ತೋರಿಸಿದಳು. ಜಾಗ ಖಾಸಗಿಯದ್ದೇ. ಆದರೆ ಹಳದಿ ಬಾಣದ ಕಾಲುದಾರಿಯಲ್ಲಿ ಯಾರೂ ನಡೆಯಬಹುದು, ಮಾಲೀಕ ತಡೆಯುವ ಹಾಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಗೆ ಯಾರೂ ನಡೆಯುವ ಹಕ್ಕಿರುವ ದಾರಿಗಳು ಒಟ್ಟು ಎರಡು ಲಕ್ಷ ಕಿಲೋಮೀಟರಿಗೂ ಜಾಸ್ತಿ ಇವೆ. ನಮ್ಮೂರಲ್ಲಿ ಗದ್ದೆಯ ಹುಣಿಯ ಮೇಲೆ ನಡೆದು ಶಾಲೆಗೆ ಹೋದವರು ನಾವು. ಈಗ ಅದೇ ಹುಣಿಗೆ ಬೇಲಿ ಬಿದ್ದಿದೆ, ದಾರಿಯ ತಕರಾರಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ. ಅಲ್ಲಿಯೂ ನಡೆಯುವ ಹಕ್ಕು ಸುಮ್ನೆ ಬಂದದ್ದಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ನೂರಾರು ಕೆಲಸಗಾರರು ಬೇಕೆಂದೇ ನುಗ್ಗಿ ನಡೆದರು, ಕೆಲವರು ಜೈಲಿಗೂ ಹೋದರು. 1949ರಲ್ಲಿ ಕಾನೂನು ಬಂತು. ನನ್ನ ಮಗಳು ಇದನ್ನೆಲ್ಲ ಹೇಳುವಾಗ ನಾನು ಆ ಹುಲ್ಲಿನ ನಡುವೆ ನಿಂತು ಕೇಳುತ್ತಾ ಇದ್ದೆ. ಬ್ರಿಟನ್ನಿಗೆ ಯಾಕೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ಲಂಡನ್ ಹೇಳುವುದಿಲ್ಲ, ಆ ಹಳದಿ ಬಾಣ ಹೇಳುತ್ತೇನೆ.

ಒಂದೂವರೆ ಗಂಟೆಯ ದಾರಿಗೆ ನಾವು ಮೂರು ಗಂಟೆ ತೆಗೆದುಕೊಂಡೆವು. ಪುಸ್ತಕದಲ್ಲಿ ಆ ದಿನ ಬರೀ ಎರಡು ಸಾಲು ಇದೆ. ಬೆಳಿಗ್ಗೆ ಗ್ರಾಸ್‌ಮಿಯರ್ ಇಗರ್ಜಿಯ ಪಕ್ಕದ ಸಣ್ಣ ಅಂಗಡಿಯಲ್ಲಿ ಶುಂಠಿಯ ಬಿಸ್ಕೆಟಿನಂಥ ಒಂದು ತಿಂಡಿ ಕಟ್ಟಿಸಿಕೊಂಡಿದ್ದೆವು. 1854ರಿಂದ ಮಾಡುತ್ತಿದ್ದಾರಂತೆ. ಮಳೆಯಲ್ಲಿ ನಿಂತು ತಿನ್ನಲು ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಊಟದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹತ್ತು ರಾತ್ರಿಯಲ್ಲಿ ಒಂಬತ್ತು ರಾತ್ರಿ ಪನೀರ್, ದಾಲ್, ನಾನ್. ಉಪ್ಪಿನಕಾಯಿ, ಮಜ್ಜಿಗೆ ಮೆಣಸು ನಾವು ಒಯ್ದದ್ದು ಉಪಯೋಗಕ್ಕೆ ಬಂತು. ಏಜೆನ್ಸಿಯವರು ಇದನ್ನು ಅನುಕೂಲ ಅಂತ ಹೇಳುತ್ತಾರೆ, ಸಸ್ಯಾಹಾರಿಗಳಿಗೆ ಅದು ನಿಜ. ಆದರೆ ಮೀನು ತಿನ್ನುವ ಊರಿನವರು ಮೀನಿನ ದೇಶಕ್ಕೆ ಹೋಗಿ ಪನೀರ್ ತಿಂದು ಬರುವುದು ಬೇಸರ. ವಿಂಡರ್‌ಮಿಯರ್‌ನಲ್ಲಿ ಮಗಳು ಫಿಶ್ ಆ್ಯಂಡ್ ಚಿಪ್ಸ್ ತಿನ್ನಿಸಿದಳು. ಹ್ಯಾಡಕ್ ಮೀನು. ಖಾರ ಇಲ್ಲ, ಮಸಾಲೆ ಇಲ್ಲ, ಹಿಟ್ಟಿನಲ್ಲಿ ಕರಿದದ್ದು. ನನ್ನ ಹೆಂಡತಿ ಮುರಿದು ನೋಡಿ, "ಮೀನು ಫ್ರೆಶ್ ಉಂಟು" ಅಂತ ಸರ್ಟಿಫಿಕೇಟ್ ಕೊಟ್ಟಳು. ಫೋರ್ಟ್ ವಿಲಿಯಂ ಹೋಟೆಲಿನ ತಿಂಡಿಗೆ ಕಿಪ್ಪರ್ ಇತ್ತು. ಹೆರಿಂಗ್ ಎಂಬ ಮೀನನ್ನು ಸೀಳಿ ಹೊಗೆಯಲ್ಲಿ ಇಟ್ಟದ್ದು. ನಮ್ಮ ಬೂತಾಯಿಗೆ ಹತ್ತಿರದ ಸಂಬಂಧ. ವಾಸನೆಗೆ ಅಕ್ಕಪಕ್ಕದ ಟೇಬಲಿನವರು ಎದ್ದುಹೋದರು. ನಾವಿಬ್ಬರು ಒಣಮೀನು ತಿಂದು ಬೆಳೆದವರು, ಎರಡೆರಡು ತಿಂದೆವು. ಗಂಜಿ ಇದ್ದಿದ್ದರೆ ಪೂರ್ತಿಯಾಗುತ್ತಿತ್ತು.

ಸ್ಕಾಟ್ಲೆಂಡಿನ ದಾರಿಯನ್ನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದೆ. ಗ್ಲಾಸ್ಗೋ ಬದಿಯಿಂದ ಹೋದೆವು. ಟಿಪ್ಪು ಸತ್ತ ಮೇಲೆ ನಮ್ಮ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಹುಟ್ಟಿದ ಊರು ಅದು. ಲಾಕ್ ಲೋಮಂಡ್ ಕೆರೆಯ ಪಕ್ಕದ ರಸ್ತೆ ಒಂದು ಹಂತದ ಮೇಲೆ ನಮ್ಮ ಚಾರ್ಮಾಡಿಯಷ್ಟೇ ಕಿರಿದು. ಒಂದು ಬದಿ ಬಂಡೆ, ಇನ್ನೊಂದು ಬದಿ ನೀರು. ಎದುರಿನಿಂದ ಮರದ ಲಾರಿ. ಇಬ್ಬರೂ ನಿಧಾನ ಮಾಡಿದರು. ಲಾರಿಯವನು ಹೆಡ್‌ಲೈಟ್ ಮಿನುಗಿಸಿದ. ನಾನು ಸೀಟು ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮಲ್ಲಿ ಲೈಟ್ ಹೊಡೆದರೆ "ನಾನು ಬರ್ತಾ ಇದ್ದೇನೆ, ನೀನು ನಿಲ್ಲು" ಅಂತ. ಅಲ್ಲಿ "ನೀನು ಮೊದಲು ಹೋಗು" ಅಂತ. ನಮ್ಮ ಡ್ರೈವರ್ ಕೈ ಎತ್ತಿ ಮುಂದೆ ಹೋದರು. ಹನ್ನೊಂದು ದಿನದಲ್ಲಿ ನಾನು ಹಾರ್ನ್ ಕೇಳಿದ್ದು ಆರು ಸಲ. ಅದರಲ್ಲಿ ನಾಲ್ಕು ಲಂಡನ್ನಿನಲ್ಲಿ.

ಗ್ಲೆನ್‌ಕೋ ಕಣಿವೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರು. ಮರವೇ ಇಲ್ಲದ ದೊಡ್ಡ ಗುಡ್ಡಗಳು, ಮೋಡ ಸೊಂಟದ ತನಕ ಇಳಿದಿತ್ತು. 1692ರಲ್ಲಿ ಅತಿಥಿಗಳಾಗಿ ಬಂದು ಉಂಡ ಸೈನಿಕರೇ ಬೆಳಗಿನ ಜಾವ ಮನೆಯವರನ್ನು ಕೊಂದ ಜಾಗ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಗ್ಲೆನ್‌ಫಿನ್ನನ್‌ನ 21 ಕಮಾನಿನ ರೈಲು ಸೇತುವೆಯ ಹತ್ತಿರ ಮಾತ್ರ ಎಲ್ಲರ ಫೋನು ಹೊರಗೆ. ಹೊಗೆ ಬಿಡುವ ಹಳೆ ರೈಲು ಬರುವ ತನಕ ಕಾದೆವು. ಆ ದಿನ ಟೂರ್ ಮ್ಯಾನೇಜರ್ ಅವಸರ ಮಾಡಲಿಲ್ಲ. ಅದಕ್ಕೆ ಅವನಿಗೆ ಒಂದು ಒಳ್ಳೆಯ ಮಾತು.

ಎಡಿನ್‌ಬರೊ ಮುಟ್ಟಿದ್ದು ಜೂನ್ 20. ವರ್ಷದ ಅತಿ ದೊಡ್ಡ ಹಗಲು. ರಾತ್ರಿ ಹತ್ತು ಗಂಟೆಗೆ ಸೂರ್ಯ ಮುಳುಗಿತು. ಮರುದಿನ ಶುಕ್ರವಾರ ಕೋಟೆಯ ಮುಂದೆ ಫೋಟೋ ಸ್ಟಾಪ್ 12:15ಕ್ಕೆ. ಅಲ್ಲಿನ ಫಲಕ ಓದಿದೆ. ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ 1 ಗಂಟೆಗೆ ಕೋಟೆಯಿಂದ ತೋಪು ಹಾರಿಸುತ್ತಾರೆ. 1861ರಿಂದ. ಲೀತ್ ಬಂದರಿನ ಹಡಗುಗಳಿಗೆ ಸಮಯ ತಿಳಿಸಲು. ಗ್ರೀನಿಚ್‌ನ ಚೆಂಡಿನ ಕೆಲಸವೇ, ಇಲ್ಲಿ ಕಿವಿಗೆ. ನಾನು ಟೂರ್ ಮ್ಯಾನೇಜರನಿಗೆ ನೇರ ಹೇಳಿದೆ, ನಾವಿಬ್ಬರು ಊಟಕ್ಕೆ ಬರುವುದಿಲ್ಲ, ಸಂಜೆ ಹೋಟೆಲಿಗೆ ನಾವೇ ಬರುತ್ತೇವೆ. ಕೆಳಗೆ ಪ್ರಿನ್ಸಸ್ ಸ್ಟ್ರೀಟಿನ ತೋಟದಲ್ಲಿ ಬೆಂಚಿನ ಮೇಲೆ ಕೂತೆವು. ಕೈಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದೆ. ಢಂ ಅಂದಿತು. ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ನನ್ನ ಗಡಿಯಾರ ಹನ್ನೊಂದು ಸೆಕೆಂಡ್ ಹಿಂದೆ ಇತ್ತು. ಅಲ್ಲೇ ಸರಿಮಾಡಿಕೊಂಡೆ. ಸ್ವಲ್ಪ ದೂರದಲ್ಲಿ ರೈಲ್ವೆ ಸ್ಟೇಷನ್ನಿನ ಪಕ್ಕದ ದೊಡ್ಡ ಹೋಟೆಲಿನ ಗೋಪುರದ ಗಡಿಯಾರ ಮಾತ್ರ ಮೂರು ನಿಮಿಷ ಮುಂದೆ ಇತ್ತು. ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದಾರೆ, ಜನರಿಗೆ ರೈಲು ತಪ್ಪದಿರಲಿ ಅಂತ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನಾನೂ ನನ್ನ ಗೋಡೆ ಗಡಿಯಾರವನ್ನು ಎರಡು ನಿಮಿಷ ಮುಂದೆ ಇಡುತ್ತಿದ್ದೆ.

ಟೂರ್ ಮುಗಿದ ಮೇಲೆ ಲೀಡ್ಸ್‌ನಿಂದ ಯಾರ್ಕ್‌ಗೆ ನಾವೇ ಒಂದು ದಿನ ರೈಲಿನಲ್ಲಿ ಹೋದೆವು. ಅರ್ಧ ಗಂಟೆಯೂ ಇಲ್ಲ. ಕೋಟೆ ಗೋಡೆಯ ಮೇಲೆ ಊರಿಗೆ ಸುತ್ತು ಬಂದೆವು, ಸುಮಾರು ಮೂರೂವರೆ ಕಿಲೋಮೀಟರ್. ಮಿನ್‌ಸ್ಟರ್ ಒಳಗೆ 1408ರಲ್ಲಿ ಮುಗಿಸಿದ ಬಣ್ಣದ ಗಾಜಿನ ಕಿಟಕಿಯ ಕೆಳಗೆ ಕೂತೆವು. ರೈಲ್ವೆ ಮ್ಯೂಸಿಯಂನಲ್ಲಿ ಮಲ್ಲಾರ್ಡ್ ಎಂಬ ನೀಲಿ ಇಂಜಿನ್ ನೋಡಿದೆವು. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ್ದು, ಹಬೆ ಇಂಜಿನ್ನುಗಳಲ್ಲಿ ದಾಖಲೆ. ಆ ವಾರ ಅಲ್ಲಿ ಚುನಾವಣೆ, ಜುಲೈ 4ಕ್ಕೆ. ಮನೆಗಳ ಮುಂದೆ ಸಣ್ಣ ಬೋರ್ಡು, ಒಂದು ಧ್ವನಿವರ್ಧಕ ಇಲ್ಲ. ಇಡೀ ದಿನಕ್ಕೆ ಇಬ್ಬರಿಗೂ ಸೇರಿ ಖರ್ಚು ಟೂರಿನ ಒಂದು ದಿನದ ಅರ್ಧವೂ ಆಗಲಿಲ್ಲ.

ಹಾಗಾದರೆ ಏಜೆನ್ಸಿ ಬೇಡವಾ? ಬೇಕು. ನಮ್ಮಂಥವರಿಗೆ ವೀಸಾ, ವಿಮಾನ, ಲಗೇಜು, ಆ ಡ್ರೈವರು, ಇದೆಲ್ಲ ಒಟ್ಟಿಗೆ ಸಿಕ್ಕದ್ದು ದೊಡ್ಡ ನೆಮ್ಮದಿ. ಮಣಿಪಾಲದ ಡಾಕ್ಟ್ರಿಗೆ ಎಡಿನ್‌ಬರೊದಲ್ಲಿ ಜ್ವರ ಬಂದಾಗ ಟೂರ್ ಮ್ಯಾನೇಜರ್ ರಾತ್ರಿ ಎರಡು ಗಂಟೆಯವರೆಗೆ ಅವರ ಜೊತೆ ಕೂತಿದ್ದ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಪೂರ್ತಿ ಐದನೇ ದಿನಕ್ಕೆ ಮತ್ತು ಲಂಡನ್ನಿನ ದೂರದ ಹೋಟೆಲಿಗೆ. ನೀವು ಬುಕ್ ಮಾಡುವ ಮೊದಲು ಎರಡೇ ಪ್ರಶ್ನೆ ಕೇಳಿ: ಒಂದೇ ಊರಿನಲ್ಲಿ ಎರಡು ರಾತ್ರಿ ಎಷ್ಟು ಕಡೆ ಇದೆ? ಯಾವ ದಿನ ಬಸ್ಸಿನೊಳಗೆ ಆರು ಗಂಟೆಗಿಂತ ಜಾಸ್ತಿ?

ಆಗಸ್ಟಿನಲ್ಲಿ ನನ್ನ ಪುಸ್ತಕ ಹಿಡಿದು ಅವರ ಆಫೀಸಿಗೆ ಹೋದೆ. ಮಾಲೀಕರು ಕೂರಿಸಿ, ಚಾ ತರಿಸಿ, ಐದನೇ ದಿನದ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಲಂಡನ್ನಿನಲ್ಲಿ ಒಂದು ರಾತ್ರಿ ಕಡಿಮೆ ಮಾಡಿ ಯಾರ್ಕ್‌ಗೆ ಎರಡು ಕೊಡಬಹುದಾ ಅಂತ ನನ್ನನ್ನೇ ಕೇಳಿದರು. ಕೊಡಿ, ಹಾಗೆಯೇ ಗ್ರೀನಿಚ್‌ನಿಂದ 1:10ಕ್ಕೆ ಹೊರಡಿ ಅಂದೆ. ಅದನ್ನೂ ಬರೆದುಕೊಂಡರು. ಮುಂದಿನ ವರ್ಷದ ಕಾರ್ಯಕ್ರಮದ ಹಾಳೆ ಅಕ್ಟೋಬರಿನಲ್ಲಿ ಅಚ್ಚಾಗುತ್ತದಂತೆ. ಬಂದ ಕೂಡಲೇ ನೋಡಿ, ಬದಲಾಗಿದೆಯೋ ಇಲ್ಲವೋ ಅಂತ ಇದರ ಕೆಳಗೇ ಬರೆಯುತ್ತೇನೆ.